ಗಂಡನ ಹೆಸರಿನ ಸಿಂಬಳದ ಹುಳು

ಆ ಬೀದಿಯವರೆಲ್ಲ ಆಕೆಯನ್ನು ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಮಂಡಿ ನೋವು, ಬಾಯಿ ಹುಣ್ಣು, ಎಳೆಮಗುವಿನ ಕೆಮ್ಮು ಎಲ್ಲವೂ ಮೊದಲು ಬರುತ್ತಿದ್ದುದು ಆಕೆಯ ಬಾಗಿಲಿಗೆ. ತಾನು ಆ ಥರದ ಡಾಕ್ಟರಲ್ಲ, ಬಸವನಹುಳುಗಳ ಮೇಲೆ ಓದಿ ಆ ಪದವಿ ಸಂಪಾದಿಸಿದವಳು ಎಂದು ಮೊದಮೊದಲು ಬಾಯಿ ನೋಯುವಷ್ಟು ಹೇಳಿ ನೋಡಿದಳು. ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. "ಹುಳಕ್ಕೇ ನೋಡ್ತೀರಂತೆ, ಮನುಷ್ಯರಿಗೆ ನೋಡೋಕೆ ಏನು ಕಷ್ಟ?" ಎಂದು ಪಕ್ಕದ ಮನೆಯ ಅಜ್ಜಿ ಮಂಡಿ ಚಾಚಿಕೊಂಡು ಜಗಲಿಯ ಮೇಲೆ ಕೂತೇಬಿಟ್ಟಳು.

"ನನ್ನ ಹತ್ರ ಬಂದ ರೋಗಿ ಒಬ್ಬನೂ ಬದುಕಿಲ್ಲ ಅಜ್ಜಿ. ಮೊದಲು ಸ್ಪಿರಿಟ್‌ನಲ್ಲಿ ಮುಳುಗಿಸ್ತೀನಿ, ಆಮೇಲೆ ಹೊಟ್ಟೆ ಸೀಳ್ತೀನಿ," ಎಂದಳು ಆಕೆ.

ಅಜ್ಜಿ ಮಂಡಿ ಮಡಚಿಕೊಂಡು ಎದ್ದುಹೋದಳು. ನೋವು ಅಲ್ಲಿಗೇ ಇಳಿಯಿತು ಎಂದು ಆಮೇಲೆ ಬೀದಿಯಲ್ಲಿ ಹೇಳಿಕೊಂಡು ತಿರುಗಿದಳೆಂಬುದು ಬೇರೆ ಮಾತು.

ಡಾಕ್ಟರಮ್ಮನ ಕೆಲಸ ಮ್ಯೂಸಿಯಂನಲ್ಲಿ. ಟಿಕೆಟ್ ಕೊಂಡು ಬರುವವರು ನೋಡುವುದು ಕೆಳಗಿನ ದೊಡ್ಡ ಹಾಲಿನಲ್ಲಿರುವ ಹುಲ್ಲು ತುಂಬಿದ ಆನೆಯನ್ನು. ಆ ಆನೆಯ ಹಿಂಭಾಗದಲ್ಲಿ, ಬಾಲದ ನೇರಕ್ಕೆ, ಒಂದು ಸಣ್ಣ ಬಾಗಿಲಿದೆ. ಅದನ್ನು ತಳ್ಳಿ ಕಿರಿದಾದ ಮೆಟ್ಟಿಲು ಹತ್ತಿದರೆ ಡಾಕ್ಟರಮ್ಮನ ಕೋಣೆ. ಮೂರು ಗೋಡೆಗೂ ಕಬ್ಬಿಣದ ರ‍್ಯಾಕುಗಳು, ರ‍್ಯಾಕುಗಳ ತುಂಬ ಗಾಜಿನ ಜಾಡಿಗಳು, ಜಾಡಿಗಳ ತುಂಬ ಹಿಂದಿನವರೂ ಈಕೆಯೂ ಹಿಡಿದು ಮುಳುಗಿಸಿದ ಹುಳುಗಳು. ಕಿಟಕಿಯ ಪಕ್ಕ ಮೈಕ್ರೋಸ್ಕೋಪು. ಅದರ ಕೆಳಗೆ ತಳದಲ್ಲಿ ಮೇಣ ಹಚ್ಚಿದ ಒಂದು ತಟ್ಟೆ, ಸೂಜಿಗಳು, ಚಿಮುಟಗಳು, ರೆಪ್ಪೆಕೂದಲನ್ನು ಉದ್ದುದ್ದ ಸೀಳಬಲ್ಲ ಕತ್ತರಿ. ಕೋಣೆಯಲ್ಲಿದ್ದ ಸ್ಪಿರಿಟ್ ವಾಸನೆ ಆಕೆಯ ಜೊತೆಗೇ ಬಸ್ ಹತ್ತಿ ಮನೆಗೆ ಬರುತ್ತಿತ್ತು. ಬಸ್ಸು ಎಷ್ಟೇ ತುಂಬಿದ್ದರೂ ಆಕೆಯ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಹಗಲುಹೊತ್ತಿನಲ್ಲೇ ಕುಡಿಯುವ ಹೆಂಗಸು ಎಂದು ಜನ ಮುಖ ತಿರುಗಿಸುತ್ತಿದ್ದರು. ಆಕೆ ಆ ಸೀಟಿನ ಮೇಲೆ ಚೀಲ ಇಟ್ಟುಕೊಂಡು ಆರಾಮಾಗಿ ಕೂರುತ್ತಿದ್ದಳು.

ಅಲ್ಲಿ ಆಕೆ ಮಾಡುತ್ತಿದ್ದುದೇನೆಂದರೆ, ಯಾವ ಹುಳ ಯಾವ ಜಾತಿಯದು ಎಂದು ಪತ್ತೆ ಹಚ್ಚುವುದು. ಇದು ಕೇಳಲು ಸುಲಭ. ಆದರೆ ಬಸವನಹುಳುವಿನ ಚಿಪ್ಪು ಮಹಾ ಸುಳ್ಳುಗಾರ. ಎರಡು ಬೇರೆ ಜಾತಿಗಳು ಒಂದೇ ದರ್ಜಿಯ ಹತ್ತಿರ ಹೊಲಿಸಿದ ಹಾಗೆ ಒಂದೇ ಥರದ ಚಿಪ್ಪು ತೊಟ್ಟು ಓಡಾಡುತ್ತವೆ. ಚಿಪ್ಪೇ ಇಲ್ಲದವು, ಅಂದರೆ ಜನ ಸಿಂಬಳದ ಹುಳು ಎಂದು ಮೂಗು ಮುರಿಯುವವು, ಇನ್ನೂ ಕಷ್ಟ. ಹೊರಗಿನಿಂದ ಎಲ್ಲವೂ ಸಿಂಬಳವೇ. ಆದ್ದರಿಂದ ಹೊಟ್ಟೆ ಬಿಡಿಸಿ ಒಳಗಿನ ಸಂತಾನದ ಅಂಗಗಳನ್ನು ನೋಡಬೇಕು. ಪ್ರತಿ ಜಾತಿಗೂ ಅದರದೇ ಆಕಾರ, ಅದರದೇ ತಿರುಚು. ಜೊತೆಗೆ ಈ ಪ್ರಾಣಿ ಏಕಕಾಲಕ್ಕೆ ಗಂಡೂ ಹೌದು, ಹೆಣ್ಣೂ ಹೌದು. ನೋಡಬೇಕಾದ ಸಾಮಾನು ದುಪ್ಪಟ್ಟು.

ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಕೇಳಿದ್ದಳು, "ಅಲ್ಲಮ್ಮಾ, ದಿನವಿಡೀ ಅಲ್ಲಿ ಕೂತು ಏನು ಮಾಡ್ತೀಯ?"

"ಹುಳಗಳ ಗುಪ್ತಾಂಗ ನೋಡ್ತೀನಿ ಅತ್ತೆ."

"ಅದಕ್ಕೆ ಸಂಬಳ ಕೊಡ್ತಾರಾ?"

"ಕೊಡ್ತಾರೆ."

"ಪಿಂಚಣಿ?"

"ಅದೂ ಇದೆ."

"ಹಾಗಾದ್ರೆ ನೋಡು ಬಿಡು. ನೆಂಟರು ಕೇಳಿದ್ರೆ ಮಾತ್ರ ಆನೆ ನೋಡ್ಕೋತೀನಿ ಅನ್ನು."

ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಬ್ರೇಕು ಯಾವುದು, ಕ್ಲಚ್ಚು ಯಾವುದು ತಿಳಿಯದವರ ಪಕ್ಕದಲ್ಲಿ ದಿನವಿಡೀ ಪ್ರಾಣ ಅಂಗೈಯಲ್ಲಿ ಹಿಡಿದು ಕೂತಿದ್ದೂ ಸ್ವರ ಏರಿಸದ ಮನುಷ್ಯ. ಮದುವೆಯಾದ ವರ್ಷ ಊರಾಚೆಯ ಒಂದು ಗಿಡಗಳ ನರ್ಸರಿಗೆ ಹೆಂಡತಿಯನ್ನು ಕರೆದುಕೊಂಡು ಹೋದವನು ಅವನೇ. ಅವನಿಗೆ ಗುಲಾಬಿ ಕೊಡಿಸುವ ಆಸೆ. ಅವಳು ಗಾಜಿನ ಮನೆಯೊಳಗೆ ಕುಂಡಗಳನ್ನು ಒಂದೊಂದಾಗಿ ಎತ್ತಿ ಅಡಿ ನೋಡತೊಡಗಿದಳು. ಮೇಷ್ಟ್ರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕೆಸರಿಗೆ ಮಂಡಿಯೂರಿ ಕುಂಡ ಎತ್ತಿಕೊಟ್ಟನು. ಆವತ್ತು ಸಿಕ್ಕಿದ್ದು ಬೂದುಗಂದು ಬಣ್ಣದ, ಕಿರುಬೆರಳಿನ ಉಗುರಿಗಿಂತ ತುಸು ಉದ್ದದ ಸಿಂಬಳದ ಹುಳುಗಳು.

ಬಿಡಿಸಿ ನೋಡಿದರೆ ಆಕೆಗೆ ಆಶ್ಚರ್ಯ ಕಾದಿತ್ತು. ಹೊಲಗಳಲ್ಲಿ ಸಿಗುವ ಮಾಮೂಲಿ ಹುಳುವಿಗೆ ಬಿರಡೆ ಕೀಳುವ ಸುರುಳಿಯಂಥ ಗಂಡು ಅಂಗ ಇರುತ್ತದೆ. ಇದರಲ್ಲಿ ಹೆಣ್ಣಿನ ಭಾಗವೆಲ್ಲ ಸರಿಯಾಗಿತ್ತು. ಗಂಡಿನದು ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಇನ್ನೊಂದನ್ನು ಬಿಡಿಸಿದಳು, ಇಲ್ಲ. ಹಿಡಿದು ತಂದಿದ್ದನ್ನೆಲ್ಲ ಬಿಡಿಸಿದಳು, ಯಾವುದರಲ್ಲೂ ಇಲ್ಲ. ಈ ವಿದ್ಯೆಯಲ್ಲಿ ಕೂದಲು ಹಣ್ಣಾದವರನ್ನು ಕೇಳಿದಳು. ಅವರೂ ಕಣ್ಣಿಟ್ಟು ನೋಡಿ, ಹೌದಮ್ಮ, ಇದು ಹೊಸ ಜಾತಿಯೇ ಎಂದರು.

ಹೊಸ ಜಾತಿಗೆ ಹೆಸರಿಡುವ ಹಕ್ಕು ವರ್ಣಿಸಿದವರದು. ಸ್ವಂತ ಹೆಸರು ಇಟ್ಟುಕೊಂಡರೆ ಜನ ನಗುತ್ತಾರೆ. ಬೇರೆ ಯಾರದನ್ನಾದರೂ ಇಡಬಹುದು. ಹೊಸ ಮದುವೆ, ಹೊಸ ಹುಳ. ಕೆಸರಾದ ಪ್ಯಾಂಟು ನೆನೆದು ಆಕೆಯ ಮನಸ್ಸು ಕರಗಿತು. ಗಂಡನ ಹೆಸರಿಗೆ ಒಂದು ಲ್ಯಾಟಿನ್ ಬಾಲ ಅಂಟಿಸಿ ಅಚ್ಚಿಗೆ ಕಳಿಸಿಬಿಟ್ಟಳು. ಪತ್ರಿಕೆ ಬಂದ ದಿನ ಬೆಳಿಗ್ಗೆ ಕಾಫಿಯ ಜೊತೆಗೆ ಅದನ್ನೂ ಅವನ ಕೈಗಿತ್ತಳು. ಮೇಷ್ಟ್ರು ತನ್ನ ಹೆಸರಿನ ತನಕ ಓದಿ, ಮುಂದೆ ಓದಲಾಗದೆ ಕಣ್ಣೊರೆಸಿಕೊಂಡನು.

ತಾನು ಮಾಡಿದ್ದೇನು ಎಂಬುದು ಆಕೆಗೆ ಹೊಳೆದದ್ದು ಸಂಜೆ ಬಸ್ಸಿನಲ್ಲಿ. ಆ ಜಾತಿಯ ಒಂದೇ ಒಂದು ಗುರುತೆಂದರೆ ಅದಕ್ಕೆ ಗಂಡಸುತನ ಇಲ್ಲದಿರುವುದು. ಅದಕ್ಕೆ ಕಟ್ಟಿಕೊಂಡ ಗಂಡನ ಹೆಸರು. ಅಚ್ಚಾದ ಹೆಸರನ್ನು ಅಯ್ಯೋ ತಪ್ಪಾಯ್ತು ಎಂದು ಹಿಂತೆಗೆದುಕೊಳ್ಳಲು ಬರುವುದಿಲ್ಲ; ಆ ವಿದ್ಯೆಯ ಕಾನೂನು ಮದುವೆಗಿಂತ ಬಿಗಿ. ಮನೆಗೆ ಹೋಗಿ ಹೇಳಿಬಿಡೋಣ ಎಂದುಕೊಂಡಳು. ಹೋಗಿ ನೋಡಿದರೆ ಅವನು ಬೀದಿಯವರನ್ನೆಲ್ಲ ಕರೆದು ಹಂಚುತ್ತಿದ್ದ ಸಿಹಿ ಆಗಲೇ ಖಾಲಿಯಾಗಿತ್ತು. ನಾಲಿಗೆ ಕಚ್ಚಿಕೊಂಡು ಸುಮ್ಮನಾದಳು.

ಮೇಷ್ಟ್ರು ಆ ಹುಳವನ್ನು ತಲೆಯ ಮೇಲೆ ಹೊತ್ತು ಮೆರೆಸಿದನು. ಸ್ಕೂಲಿನ ಬೋರ್ಡಿನ ಮೇಲೆ ಅದರ ಚಿತ್ರ ಬರೆಸಲು ಪೇಂಟರನ್ನು ಕರೆಸಿದನು. ಪೇಂಟರು ತಲೆ ಕೆರೆದುಕೊಂಡು, "ಸ್ವಾಮಿ, ಬರೀ ಇದನ್ನ ಬರೆದ್ರೆ ನೋಡಿದವರು ಬೇರೇನೋ ಅಂದ್ಕೋತಾರೆ," ಎಂದು ಒಂದು ಚಿಪ್ಪು ಸೇರಿಸಿದನು. ಕಲಿಯಲು ಬಂದವರಿಗೆಲ್ಲ ಮೇಷ್ಟ್ರು ಮೊದಲ ಪಾಠದಲ್ಲೇ ಹೇಳುತ್ತಿದ್ದನು, "ನನ್ನ ಹೆಸರಿನ ಜೀವಿ ಒಂದಿದೆ. ಇವತ್ತಿನವರೆಗೂ ಒಂದು ಅಪಘಾತ ಮಾಡಿಲ್ಲ." ಹೆಂಡತಿಯ ಸಭೆ ಸಮಾರಂಭಗಳಿಗೆ ಜೊತೆಗೆ ಹೋದರೆ ಪ್ರೊಫೆಸರುಗಳು ಓಡಿಬಂದು ಅವನ ಕೈ ಕುಲುಕುತ್ತಿದ್ದರು, ಕುಲುಕಿ ಯಾಕೋ ಬಹಳ ಹೊತ್ತು ನಗುತ್ತಿದ್ದರು. ವಿದ್ವಾಂಸರು ಇಷ್ಟು ಸರಳ ಜನ ಎಂದು ಅವನಿಗೆ ಸಂತೋಷ. ಹೀಗೇ ಒಬ್ಬಳು ಮಗಳು ಹುಟ್ಟಿ, ಬೆಳೆದು, ಕಾಲೇಜು ಹಾಸ್ಟೆಲಿಗೆ ಹೋದಳು.

ಅಷ್ಟರಲ್ಲಿ ಮ್ಯೂಸಿಯಂನ ನೆಲಮಾಳಿಗೆಯಲ್ಲಿ ಹೊಸ ಲ್ಯಾಬು ಬಂತು. ಅದರ ಜೊತೆಗೆ ಒಬ್ಬ ಹುಡುಗಿ ಬಂದಳು. ಡಿಎನ್‌ಎ ಓದಿ ಯಾವ ಪ್ರಾಣಿ ಯಾವುದಕ್ಕೆ ಎಷ್ಟು ಹತ್ತಿರದ ನೆಂಟ ಎಂದು ಹೇಳುವವಳು. ಅವಳಿಗೆ ಜೀನಮ್ಮ ಎಂದು ಹೆಸರು ಬಿತ್ತು. ಜೀನ್ ಓದುತ್ತಾಳೆ ಎಂಬುದು ಒಂದು ಕಾರಣ. ಯಾವ ಹುಳದಿಂದಲೂ ಸಾಸಿವೆಕಾಳಿಗಿಂತ ಹೆಚ್ಚು ಮಾಂಸ ತೆಗೆಯದ ಜಿಪುಣಿ ಎಂಬುದು ಇನ್ನೊಂದು. ಜಾಡಿಯಿಂದ ಜಾಡಿಗೆ ಹೋಗಿ ಚೂರು ಚೂರು ಚಿವುಟಿಕೊಂಡು, ಕೆಳಗೆ ಒಯ್ದು ಅರೆದು, ಯಂತ್ರಕ್ಕೆ ಉಣಿಸುತ್ತಿದ್ದಳು. ಡಾಕ್ಟರಮ್ಮನಿಗೆ ಇದರಲ್ಲಿ ನಂಬಿಕೆ ಕಡಿಮೆ. ಪ್ರಾಣಿಯನ್ನು ಅರೆದು ರಸ ಮಾಡಿ, ಆ ರಸವನ್ನು ನೀನು ಯಾರು ಎಂದು ಕೇಳುವುದು ಯಾವ ಸೀಮೆಯ ಮರ್ಯಾದೆ ಎಂಬುದು ಆಕೆಯ ತಕರಾರು.

ಒಂದು ದಿನ ಜೀನಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು.

"ಮೇಡಂ, ಕೂತ್ಕೊಳ್ಳಿ."

"ಕೂತೇ ಇದ್ದೀನಿ."

"ನಿಮ್ಮ ಯಜಮಾನ್ರು ಇಲ್ಲ ಮೇಡಂ."

"ಏನು? ಬೆಳಿಗ್ಗೆ ತಾನೇ ಟಿಫನ್ ಡಬ್ಬಿ ಮರೆತು ವಾಪಸ್ ಬಂದಿದ್ರು."

"ಅಯ್ಯೋ, ಅವರಲ್ಲ. ಅವರ ಹುಳ. ಅಂಥ ಜಾತೀನೇ ಇಲ್ಲ. ಹೊಲದ ಮಾಮೂಲಿ ಹುಳಕ್ಕೂ ಅದಕ್ಕೂ ಡಿಎನ್‌ಎಯಲ್ಲಿ ಕೂದಲೆಳೆ ವ್ಯತ್ಯಾಸ ಇಲ್ಲ."

ಡಾಕ್ಟರಮ್ಮನಿಗೆ ಗಂಡ ಉಳಿದ ಸಮಾಧಾನ ಒಂದು ಕ್ಷಣ. ಆಮೇಲೆ ಕೋಪ ನೆತ್ತಿಗೇರಿತು. "ಒಂದಕ್ಕೆ ಇದೆ, ಒಂದಕ್ಕೆ ಇಲ್ಲ. ಅದು ವ್ಯತ್ಯಾಸ ಅಲ್ವಾ? ನಿನ್ನ ಯಂತ್ರಕ್ಕೆ ಕಣ್ಣಿದೆಯಾ?"

"ನಮ್ಮ ತಾತನಿಗೆ ಹಲ್ಲಿಲ್ಲ ಮೇಡಂ, ನನಗೆ ಇದೆ. ಹಾಗಂತ ನಾವು ಬೇರೆ ಜಾತೀನಾ?"

"ತಾತನಿಗೆ ಮೊದಲು ಇತ್ತು."

"ಸರಿ, ಹಾಗಾದ್ರೆ ನೀವೇ ಪರೀಕ್ಷೆ ಮಾಡಿ. ಬೇರೆ ಜಾತಿ ಆದ್ರೆ ಇಲ್ಲದ ತಾಯಿಗೆ ಇಲ್ಲದ ಮರಿಗಳೇ ಹುಟ್ಟಬೇಕು. ಸಾಕಿ ನೋಡಿ."

ಡಾಕ್ಟರಮ್ಮ ಚೀಲ ಹೆಗಲಿಗೇರಿಸಿದಳು. ಅದೇ ನರ್ಸರಿಗೆ ಹೋಗಿ ಮತ್ತೆ ಹುಳು ಹಿಡಿದು ತಂದಳು. ಮ್ಯೂಸಿಯಂ ಸತ್ತವರ ಜಾಗ, ಅಲ್ಲಿ ಜೀವಂತ ಹುಳ ಸಾಕಲು ಅನುಕೂಲವಿಲ್ಲ. ಆದ್ದರಿಂದ ಮನೆಯ ಬಚ್ಚಲಲ್ಲಿ ಪ್ಲಾಸ್ಟಿಕ್ ಡಬ್ಬಿಗಳು ಸಾಲುಗಟ್ಟಿದವು. ಒಂದೊಂದು ಡಬ್ಬಿಯಲ್ಲೂ ಒದ್ದೆ ಹತ್ತಿ, ಒಂದು ಕ್ಯಾರೆಟ್ ಚೂರು, ಹಿಡಿದು ತಂದವು ಇಟ್ಟ ಮೊಟ್ಟೆಯಿಂದಲೇ ಒಂಟಿಯಾಗಿ ಬೆಳೆಸಿದ ಒಂದು ಹುಳ. ದೊಡ್ಡವಾಗಿ ಒಂಟಿಯಾಗಿದ್ದೂ ಅವು ಮೊಟ್ಟೆಯಿಟ್ಟವು. ಈ ಜಾತಿಗೆ ಆ ಶಕ್ತಿಯಿದೆ. ಅತ್ತೆ ಹಲ್ಲುಜ್ಜಲು ಹೋದಾಗೆಲ್ಲ ಡಬ್ಬಿಗಳೊಳಗೆ ಇಣುಕುತ್ತಿದ್ದಳು. "ಗಂಡನ ಕಾಟ ಇಲ್ಲ, ಅತ್ತೆಯ ಕಾಟ ಇಲ್ಲ, ತನ್ನ ಪಾಡಿಗೆ ತಾನೇ ಹೆತ್ತುಕೊಂಡು ಕೂತಿದೆ. ಪುಣ್ಯವಂತೆ," ಎಂದು ಕ್ಯಾರೆಟ್ಟಿನ ಚೂರು ಬದಲಾಯಿಸಿ ಬರುತ್ತಿದ್ದಳು. ಮೇಷ್ಟ್ರು ಮಾತ್ರ ತನ್ನ ಹೆಸರಿನವರ ಸಂಸಾರ ಬೆಳೆಯುತ್ತಿದೆ ಎಂದು ಹಿಗ್ಗಿ, ತಣ್ಣೀರು ಚಿಮುಕಿಸುವ ಕೆಲಸ ವಹಿಸಿಕೊಂಡನು.

ಹುಟ್ಟಿದ ಮರಿಗಳು ಬೆಳೆದವು. ಅವುಗಳನ್ನು ಮ್ಯೂಸಿಯಂಗೆ ಒಯ್ದು, ತಾಯಿಯನ್ನೂ ಮರಿಗಳನ್ನೂ ಒಟ್ಟಿಗೆ ಮೇಣದ ತಟ್ಟೆಯ ಮೇಲೆ ಬಿಡಿಸಿದಳು. ತಾಯಿಗೆ ಇರಲಿಲ್ಲ. ಮೊದಲ ಮರಿಗೂ ಇರಲಿಲ್ಲ. ಎರಡನೆಯದರಲ್ಲಿ, ಹೆಣ್ಣಿನ ನಾಳದ ಪಕ್ಕಕ್ಕೆ, ಬಿರಡೆಯ ಸುರುಳಿಯಂಥದ್ದು ಪುಟ್ಟದಾಗಿ, ಅಚ್ಚುಕಟ್ಟಾಗಿ ಸುತ್ತಿಕೊಂಡು ಕೂತಿತ್ತು. ಹೊಲದ ಹುಳುವಿನದ್ದೇ. ಆಕೆ ಕಣ್ಣು ಎತ್ತಿ ಕಿಟಕಿಯಾಚೆ ನೋಡಿದಳು, ಮತ್ತೆ ಬಗ್ಗಿ ನೋಡಿದಳು. ಅದು ಅಲ್ಲೇ ಇತ್ತು. ಆ ಜಾತಿಯಲ್ಲಿ ಕೆಲವಕ್ಕೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ, ಹುಳುಗಳು ಅದನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ, ಅಷ್ಟೇ ವಿಷಯ. ವಯಸ್ಸು ಇಷ್ಟಾದ ಮೇಲೆ ಇಂಥ ಪೆಟ್ಟು ತಿಂದೆನಲ್ಲ ಎಂದು ಮುಖ ಬಿಸಿಯಾಯಿತು. ಅದರ ಬೆನ್ನಿಗೇ, ಎಲಾ ಹುಳವೇ, ಎಷ್ಟು ವರ್ಷ ಆಟ ಆಡಿಸಿದೆ ಎಂದು ನಗುವೂ ಬಂತು.

ನೆಲಮಾಳಿಗೆಗೆ ಇಳಿದು ಹೋಗಿ, "ನೀನು ಹೇಳಿದ್ದೇ ಸರಿ ಕಣೆ," ಎಂದಳು.

"ಬಿಡಿ ಮೇಡಂ, ಅದರಲ್ಲೇನಿದೆ," ಎಂದಳು ಜೀನಮ್ಮ ವಿನಯದಿಂದ. ಆ ವಿನಯ ಲಿಫ್ಟ್ ತನಕವೂ ಬಾಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮ್ಯೂಸಿಯಂನ ಕಾವಲುಗಾರನಿಗೂ ವಿಷಯ ಗೊತ್ತಿತ್ತು.

ಒಂದೇ ಪ್ರಾಣಿಗೆ ಎರಡು ಹೆಸರಿದ್ದರೆ ಹಳೆಯದು ನಿಲ್ಲುತ್ತದೆ, ಹೊಸದು ಬೀಳುತ್ತದೆ. ಬೀಳಿಸುವ ಲೇಖನವನ್ನು ತಾನೇ ಬರೆಯಬೇಕೆಂದು ಡಾಕ್ಟರಮ್ಮ ತೀರ್ಮಾನಿಸಿದಳು. ಬೇರೆ ಯಾರಾದರೂ ಬರೆದು, ಗಂಡನಿಗೆ ಅವರಿಂದ ತಿಳಿಯುವುದು ಬೇಡ. ಸಂಜೆ ಡ್ರೈವಿಂಗ್ ಸ್ಕೂಲಿನ ಮೈದಾನಕ್ಕೆ ಹೋದಳು. ಕೊನೆಯ ವಿದ್ಯಾರ್ಥಿ ಕಾರು ನಿಲ್ಲಿಸಿ ಬೆವರೊರೆಸಿಕೊಂಡು ಹೋದ ಮೇಲೆ ಕಲಿಯುವವರ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

"ರೀ, ನಿಮ್ಮ ಹೆಸರು ಹೋಗ್ತಾ ಇದೆ."

"ಎಲ್ಲಿಗೆ?"

"ಹುಳದ ಮೇಲಿಂದ. ಅದು ಬೇರೆ ಜಾತಿ ಅಲ್ಲ. ಹೊಲದ ಮಾಮೂಲಿ ಹುಳವೇ. ನಾನೇ ಬರೀತಾ ಇದ್ದೀನಿ."

ಪಕ್ಕದ ಸೀಟಿನಲ್ಲಿದ್ದ ಮೇಷ್ಟ್ರು ಕೈ ಚಾಚಿ ಸ್ಟಿಯರಿಂಗ್ ನೆಟ್ಟಗೆ ಮಾಡಿದನು. "ಮತ್ತೆ ಆಗ ಬೇರೆ ಅಂತ ಯಾಕೆ ಅನ್ನಿಸ್ತು?"

ಇಲ್ಲಿ ಒಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ಬಣ್ಣ ಬೇರೆ ಇತ್ತು ಎಂದರೆ ಸಾಕಿತ್ತು. "ಇರಬೇಕಾದ್ದು ಇರಲಿಲ್ಲ," ಎಂದಳು ಆಕೆ.

"ಏನು ಇರಬೇಕಾದ್ದು?"

"ಗಂಡಿನದು."

ಮೇಷ್ಟ್ರ ಕೈ ಎಲ್ಲಿ ತಾಕಿತೋ, ವೈಪರು ಒಣ ಗಾಜಿನ ಮೇಲೆ ಕಿರ್ ಕಿರ್ ಎಂದು ಓಡತೊಡಗಿತು. ಅವನು ಅದನ್ನು ನಿಲ್ಲಿಸಲಿಲ್ಲ.

"ಅಂದ್ರೆ ಇಷ್ಟು ವರ್ಷ ನಾನು ಊರೆಲ್ಲ ಹೇಳ್ಕೊಂಡು..."

"ಹೂಂ."

"ಆ ಪ್ರೊಫೆಸರುಗಳು ನನ್ನ ಕೈ ಹಿಡಿದು ನಗ್ತಾ ಇದ್ದಿದ್ದು..."

"ಅದಕ್ಕೇ."

ಆಮೇಲೆ ಮೇಷ್ಟ್ರು ಹೆಂಡತಿಯ ಜೊತೆ ಪಾಠ ಹೇಳುವ ಮಾತಲ್ಲದೆ ಬೇರೆ ಆಡಲಿಲ್ಲ. ಊಟಕ್ಕೆ ಕರೆದರೆ "ಮುಂದೆ ಹೋಗು", ನೀರು ಕೊಟ್ಟರೆ "ನಿಲ್ಲಿಸು". ಬಚ್ಚಲಿನ ಡಬ್ಬಿಗಳಿಗೆ ನೀರು ಚಿಮುಕಿಸುವುದನ್ನೂ ಬಿಟ್ಟನು. ಅತ್ತೆ ಎರಡು ಊಟ ಸಹಿಸಿದಳು, ಮೂರನೆಯದರಲ್ಲಿ, "ಏನೋ, ಮುಖ ಯಾಕೆ ಹುಳ್ಳಗೆ ಮಾಡ್ಕೊಂಡಿದ್ದೀಯ?" ಎಂದಳು. ಮಗ ಜಪ್ಪಯ್ಯ ಎಂದರೂ ಬಾಯಿ ಬಿಡಲಿಲ್ಲ. ಸೊಸೆಯೇ ತಟ್ಟೆ ನೋಡುತ್ತ ಎಲ್ಲ ಹೇಳಿದಳು.

ಅತ್ತೆ ಮೊದಲು ಸೆರಗು ಬಾಯಿಗಿಟ್ಟುಕೊಂಡಳು. ಸೆರಗಿನಿಂದ ಆಗುವ ಕೆಲಸವಾಗಿರಲಿಲ್ಲ. ನಕ್ಕು ನಕ್ಕು ಕಟ್ಟಿಸಿದ ಹಲ್ಲು ಜಾರಿ ಸಾರಿನ ಬಟ್ಟಲಿಗೆ ಬಿತ್ತು. ಅದನ್ನು ಹುಡುಕಿ ತೆಗೆದು ತೊಳೆದು ಹಾಕಿಕೊಂಡು, "ಹಾಸ್ಟೆಲಿನಿಂದ ನಿನ್ನ ಮಗಳನ್ನ ಕರೆಸ್ಲೇನೋ, ಸಾಕ್ಷಿ ಹೇಳೋಕೆ?" ಎಂದಳು.

ಮೇಷ್ಟ್ರು ತಡೆದುಕೊಳ್ಳಲು ನೋಡಿದನು; ಹೆಗಲು ಕುಲುಕತೊಡಗಿದವು. ನಗು ಅವನಿಗೂ ಬಂದೇಬಿಟ್ಟಿತು. ಕೈ ತೊಳೆಯುವಾಗ ಹೆಂಡತಿಯ ಪಕ್ಕ ನಿಂತು ಮೆಲ್ಲಗೆ ಹೇಳಿದನು, "ಆವತ್ತೇ ಹೇಳಿದ್ರೆ ಆವತ್ತೇ ನಗ್ತಿದ್ದೆ ಕಣೆ. ನನಗೆ ಹೇಳೋಕೆ ಹೆದರಿದೆಯಲ್ಲ, ಅದು ನೋಡು ಬೇಜಾರು." ಆಕೆ ಟವಲು ಕೊಟ್ಟಳು. ಬೋರ್ಡಿನ ಚಿತ್ರ ಅಳಿಸಬೇಕೇ ಎಂದು ಪೇಂಟರು ಕೇಳಿದಾಗ ಮೇಷ್ಟ್ರು, "ಅದಕ್ಕೆ ಚಿಪ್ಪಿದೆ, ಅದು ನಾನಲ್ಲ," ಎಂದು ಕಳಿಸಿಬಿಟ್ಟನು.

ಲೇಖನ ಮುಗಿಯುವ ಹೊತ್ತಿಗೆ ಇನ್ನೊಂದು ತಕರಾರು ಎದ್ದಿತು. ನರ್ಸರಿಯ ಹುಳುಗಳ ಪೈಕಿ ಒಂದರ ಡಿಎನ್‌ಎ ಯಾವುದಕ್ಕೂ ಹೊಂದುತ್ತಿರಲಿಲ್ಲ. ಜೀನಮ್ಮ ಅದನ್ನು ಪಕ್ಕಕ್ಕೆ ಎಸೆದಿದ್ದಳು. "ಕೊಳೆ ಸೇರಿದೆ ಮೇಡಂ. ಯಾರೋ ಲ್ಯಾಬಿನಲ್ಲಿ ಊಟ ಮಾಡಿರಬೇಕು."

"ಊಟ ಮಾಡೋದು ನೀನೊಬ್ಬಳೇ. ಆ ಹುಳದ ಉಳಿದ ಮೈ ಎಲ್ಲಿ?"

ಚಿವುಟಿದ್ದು ಸಾಸಿವೆಯಷ್ಟೇ ಆದ್ದರಿಂದ ಮೈಯೆಲ್ಲ ಉಳಿದಿತ್ತು. ಜಿಪುಣತನಕ್ಕೂ ಒಂದು ಬೆಲೆಯಿದೆ. ಹೊರಗೆ ಅದೇ ಬೂದುಗಂದು. ಡಾಕ್ಟರಮ್ಮ ಬಿಡಿಸಿದಳು. ಒಳಗೆ ಗಂಡು ಅಂಗ ಇತ್ತು, ಸುರುಳಿ ಇರಲಿಲ್ಲ. ನೆಟ್ಟಗೆ, ದಪ್ಪಗೆ, ಒಳಮೈಯಲ್ಲಿ ಬಾಚಣಿಗೆಯ ಹಲ್ಲಿನಂತೆ ಸಾಲು ಮುಳ್ಳುಗಳು. ಇಂಥದ್ದನ್ನು ಆಕೆ ಯಾವ ಜಾಡಿಯಲ್ಲೂ ಕಂಡಿರಲಿಲ್ಲ. ಜೀನಮ್ಮನೂ ಒಂದು ಕಣ್ಣು ಮುಚ್ಚಿ ನೋಡಿದಳು. "ಇದು ನೋಯಲ್ವಾ ಮೇಡಂ?"

"ಒಂದರಲ್ಲಿ ಕಂಡಿದ್ದನ್ನು ನಂಬಿ ಇನ್ನೊಂದು ಸಲ ಕೆಡೋಕೆ ನನಗೆ ಆಸೆ ಇಲ್ಲ. ಇನ್ನಷ್ಟು ಬೇಕು. ಎದ್ದೇಳು."

ಇಬ್ಬರೂ ನರ್ಸರಿಗೆ ಹೋದರೆ ಅದರ ಒಡತಿ ಗಾಜಿನ ಮನೆಯಲ್ಲಿ ಹುಳಕ್ಕೆ ಹಾಕುವ ನೀಲಿ ವಿಷದ ಗುಳಿಗೆಗಳನ್ನು ಚೆಲ್ಲುತ್ತಿದ್ದಳು. ದಪ್ಪ ಬೂಟು, ಸೊಂಟಕ್ಕೆ ಕಟ್ಟಿದ ಗೋಣಿ, ಮುಖದಲ್ಲಿ ಯುದ್ಧದ ಕಳೆ. ಡಾಕ್ಟರಮ್ಮ ಅವಳ ಕೈ ಹಿಡಿದು ವಿಷಯ ವಿವರಿಸಿದಳು.

"ಹೊಸ ಜಾತಿ? ಇಲ್ಲಿ?" ಒಡತಿ ಒಂದು ಕುಂಡ ಎತ್ತಿ ತೋರಿಸಿದಳು, ಎಲೆಗಳೆಲ್ಲ ಜಾಲರಿಯಾಗಿದ್ದವು. "ತಿನ್ನೋದು ಮಾತ್ರ ಹಳೇ ಜಾತಿ ಥರಾನೇ ತಿನ್ನುತ್ತೆ."

"ಹಿಂದಿನ ಸಾಲು ಒಂದು ಬಿಟ್ಟುಕೊಡಿ. ಬೇಕಾದ್ರೆ ಹುಳಕ್ಕೆ ನಿಮ್ಮ ಹೆಸರು ಇಡ್ತೀವಿ."

"ನನ್ನ ಗಿಡ ತಿನ್ನೋ ಹುಳಕ್ಕೆ ನನ್ನ ಹೆಸರಾ? ನೀವು ಹೋಗಿ ಬನ್ನಿ." ಗೊಣಗುತ್ತಲೇ ಹಿಂದಿನ ಸಾಲಿನ ಗುಳಿಗೆಗಳನ್ನು ಗುಡಿಸಿ ತೆಗೆದಳು. ಆ ಸಾಲಿನ ಕುಂಡಗಳ ಕೆಳಗೆ ಮೂಟೆ ಮಣ್ಣು ಸರಿಸಿದಾಗ ಅಂಥವೇ ಇನ್ನಷ್ಟು ಸಿಕ್ಕಿದವು. ಎಲ್ಲದರಲ್ಲೂ ಬಾಚಣಿಗೆ ಇತ್ತು, ಚಿಕ್ಕವುಗಳಲ್ಲಿ ಚಿಕ್ಕದಾಗಿ, ದೊಡ್ಡವುಗಳಲ್ಲಿ ದೊಡ್ಡದಾಗಿ. ಕೆಳಗಿನ ಯಂತ್ರವೂ ಎಲ್ಲವನ್ನೂ ಒಂದೇ ಮನೆತನ ಎಂದಿತು. ಕಣ್ಣೂ ಯಂತ್ರವೂ ಮೊದಲ ಬಾರಿಗೆ ಒಂದೇ ಮಾತು ಹೇಳಿದ್ದರಿಂದ ಇಬ್ಬರಿಗೂ ಕೊಂಚ ಬೇಸರವೇ ಆಯಿತು. ಜಗಳಕ್ಕೆ ಕಾರಣ ಉಳಿಯಲಿಲ್ಲ. ಮೊದಲು ಬಾಚಣಿಗೆಯ ವರ್ಣನೆಯೋ ಡಿಎನ್‌ಎಯ ವಿವರವೋ ಎಂಬ ಬಗ್ಗೆ ಒಂದು ಜಗಳ ಹುಡುಕಿಕೊಂಡರು. ಯಾವ ಮನುಷ್ಯರ ಹೆಸರನ್ನೂ ಇಡದೆ, ಲ್ಯಾಟಿನ್ನಿನಲ್ಲಿ ಬಾಚಣಿಗೆ ಎಂದೇ ಹೆಸರಿಟ್ಟರು.

ಅಚ್ಚಾದ ಮೇಲೂ ಒಂದು ಪ್ರಶ್ನೆ ಉಳಿದಿತ್ತು. ಈ ಹುಳ ಆ ಗಾಜಿನ ಮನೆಯಲ್ಲೇ ಹುಟ್ಟಿದ್ದಲ್ಲ. ಎಲ್ಲಿಂದಲೋ ಕುಂಡದ ಮಣ್ಣಿನಲ್ಲಿ ಬಂದಿರಬೇಕು. ಎಲ್ಲಿಂದ ಎಂಬುದು ಯಾರಿಗೂ ಗೊತ್ತಿಲ್ಲ. ಹೀಗಾಗಿ ಡಾಕ್ಟರಮ್ಮನೂ ಜೀನಮ್ಮನೂ ಊರಿನಲ್ಲಿ ಎಲ್ಲಿ ಕುಂಡ ಕಂಡರೂ ಬಗ್ಗುವ ಚಟಕ್ಕೆ ಬಿದ್ದರು. ಬ್ಯಾಂಕಿನ ಬಾಗಿಲಲ್ಲಿ, ದಂತವೈದ್ಯರ ಕೋಣೆಯಲ್ಲಿ, ಕೊನೆಗೆ ದೊಡ್ಡದೊಂದು ಹೋಟೆಲಿನ ಹೊಳೆಯುವ ನೆಲದ ಮೇಲೂ ಮಂಡಿಯೂರಿದರು. ಟೈ ಕಟ್ಟಿದ ಮ್ಯಾನೇಜರ್ ಬಂದು ಏನು ಕಳೆದುಕೊಂಡಿದ್ದೀರಿ ಎಂದು ವಿಚಾರಿಸಿದನು.

"ಓಲೆ," ಎಂದಳು ಜೀನಮ್ಮ.

ಮ್ಯಾನೇಜರ್ ಸಜ್ಜನ. ತಾನೂ ಬಗ್ಗಿ ತಾಳೆಗಿಡದ ಕುಂಡವನ್ನು ಓರೆ ಮಾಡಿ ಹಿಡಿದನು. ಅಡಿಯಲ್ಲಿ ಬೂದುಗಂದಿನ ಪುಟ್ಟದೊಂದು ಹುಳ ಕೊಂಬು ಚಾಚಿ ಯಾರಪ್ಪಾ ಇವರು ಎಂಬಂತೆ ನೋಡುತ್ತಿತ್ತು. ಮ್ಯಾನೇಜರ್ ಹೌಹಾರಿ ಹಿಂದೆ ಸರಿದನು. ಡಾಕ್ಟರಮ್ಮ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, "ಸ್ವಲ್ಪ ಹಾಗೇ ಹಿಡ್ಕೊಂಡಿರಿ, ಇನ್ನೊಂದಿದೆ," ಎಂದಳು.